ಮೇಕಪ್ ಬ್ರಷ್‌ಗಳ ಶುಚಿತ್ವ (ಚಿಕ್ಕಬಳ್ಳಾಪುರ ಸೀಮೆ)

ಫೌಂಡೇಶನ್, ಪೌಡರ್, ಕಣ್ಣಿನ ಬಣ್ಣ ಹಚ್ಚುವ ಬ್ರಷ್‌ಗಳನ್ನು ಮನೆಯಲ್ಲೇ ತೊಳೆದು ಕಾಪಾಡುವ ಕ್ರಮ. ಬಳಸಿದ ಬ್ರಷ್‌ನಲ್ಲಿ ಚರ್ಮದ ಜಿಡ್ಡು, ಬ್ಯಾಕ್ಟೀರಿಯಾ ಸೇರಿಕೊಳ್ಳುತ್ತವೆ. 7ರಿಂದ 10 ದಿನಕ್ಕೊಮ್ಮೆ ತೊಳೆಯುವಂತೆ ಅಮೆರಿಕದ ಚರ್ಮವೈದ್ಯರ ಅಕಾಡೆಮಿ ಸೂಚಿಸುತ್ತದೆ.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳಲ್ಲಿ ಮುಖ್ಯ ತೊಡಕು ನೀರಿನದು. ವರ್ಷವಿಡೀ ಹರಿಯುವ ನದಿಯಿಲ್ಲದ ಈ ಸೀಮೆ ಬೋರ್‌ವೆಲ್‌ಗಳನ್ನು ನಂಬಿದೆ. ಆ ನೀರು ಹಲವೆಡೆ ಗಡಸು. ಅದರ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಸೋಪಿನೊಡನೆ ಕೂಡಿ ನೊರೆಯ ಬದಲು ಬಿಳಿ ಗಸಿಯಾಗಿ, ಕೂದಲಿಗೆ ಅಂಟಿ ಬ್ರಷ್ಷನ್ನು ಒರಟಾಗಿಸುತ್ತವೆ. ಹಾಗಾಗಿ ಇಲ್ಲಿ ಸೋಪಿಗಿಂತ ಸೌಮ್ಯ ಶಾಂಪೂ ಲೇಸು. ಕೊನೆಯ ಸಲ ಜಾಲಿಸಲು ಮಳೆನೀರೋ, ಶುದ್ಧ ಕುಡಿಯುವ ನೀರಿನ ಘಟಕದ ನೀರೋ ಒಂದೆರಡು ಲೋಟ ಸಾಕು.

ಮೇಕೆ ಕೂದಲಿನ ಬ್ರಷ್ಷಿಗೆ ಕುದಿನೀರೂ ಆಗದು, ವಾಷಿಂಗ್ ಸೋಡಾವೂ ಆಗದು. ಶಿಡ್ಲಘಟ್ಟದ ರೇಷ್ಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಕೂದಲೂ ರೇಷ್ಮೆಯಂತೆ ಪ್ರೋಟೀನ್, ಕ್ಷಾರಕ್ಕೆ ಸೊರಗುತ್ತದೆ. ನೈಲಾನ್ ಎಳೆ ಅಷ್ಟು ನಾಜೂಕಲ್ಲ.

ತುದಿಯನ್ನಷ್ಟೇ ಅದ್ದಬೇಕು. ಲೋಹದ ಕೊಳವೆಯೊಳಗೆ ನೀರಿಳಿದರೆ ಅಂಟು ಸಡಿಲಗೊಂಡು ಕೂದಲು ಉದುರುತ್ತದೆ. ಬಟ್ಟೆಯಲ್ಲಿ ಒತ್ತಿ, ಆಕಾರ ತಿದ್ದಿ, ತುದಿ ಮೇಜಿನಂಚಿನಾಚೆ ಚಾಚುವಂತೆ ಮಲಗಿಸಿ ನೆರಳಲ್ಲಿ ಒಣಗಿಸಬೇಕು. ಒದ್ದೆ ಬ್ರಷ್ಷನ್ನು ಲೋಟದಲ್ಲಿ ನೆಟ್ಟಗೆ ನಿಲ್ಲಿಸುವುದು ಎಲ್ಲರ ಮನೆಯ ತಪ್ಪು. ಮದುವೆಮನೆಯಲ್ಲಿ ಹಲವರಿಗೆ ಒಂದೇ ಬ್ರಷ್ ಬಳಸುವವರು ನಡುನಡುವೆ ಶೇ. 70ರ ಐಸೊಪ್ರೊಪೈಲ್ ಆಲ್ಕೋಹಾಲ್ ಸಿಂಪಡಿಸಿ ಒಣಗಲು ಬಿಡುವುದು ಒಳ್ಳೆಯದು.