ಅತ್ತೆಯ ಬದನೆಕಾಯಿ ನಂಜು

ನಮ್ಮತ್ತೆ ಬದನೆಕಾಯಿ ಮುಟ್ತಿರಲಿಲ್ಲ. "ನಂಜು ಕಣೇ, ನಾಲಿಗೆ ಕೆರೆಯುತ್ತೆ, ತುಟಿ ಊದುತ್ತೆ" ಅಂತಿದ್ರು. ನಾನು ಮದುವೆಯಾಗಿ ರಾಜಾಜಿನಗರದ ಮನೆಗೆ ಬಂದ ಹೊಸತು. ಎಣ್ಣೆಗಾಯಿ ಮಾಡಿದ ದಿನ ಅವರಿಗೆ ಬರೀ ತಿಳಿಸಾರು ಅನ್ನ. ನಾನೂ ಓರಗಿತ್ತಿಯೂ "ನಮ್ಮ ಕೈ ಅಡುಗೆ ಹಿಡಿಸಲ್ಲ, ಅದಕ್ಕೇ ನಂಜಿನ ನೆಪ" ಅಂತ ಅಡುಗೆಮನೆಯಲ್ಲಿ ನಗ್ತಿದ್ವಿ.

ಒಂದ್ಸಲ ಪರೀಕ್ಷೆ ಮಾಡೋಣ ಅಂತ, ಹೇಳದೇ ಗೊಜ್ಜಿಗೆ ಒಂದು ಬದನೆಕಾಯಿ ಸುಟ್ಟು ಹಿಸುಕಿ ಹಾಕ್ದೆ. ರಾತ್ರಿ ಹೊತ್ತಿಗೆ ಅತ್ತೆ ತುಟಿ ಊದಿತ್ತು. ಹೆದರಿಕೆಗೆ ನಾನು ಬಾಯಿ ಬಿಡಲಿಲ್ಲ. ಅವರು ಹೋಗಿ 12 ವರ್ಷ ಆಯ್ತು. ಇವತ್ತು ಮೊದಲನೇ ಸಲ ಹೇಳ್ತಿದೀನಿ.

ಈಗ ಯಾಕೆ ಅಂದ್ರೆ, ಮಗಳ ಮಗನಿಗೆ ಕಡಲೆಕಾಯಿ ಆಗಲ್ಲ. ಕೆಂಗೇರಿಯಿಂದ ಮಗಳು ಬಂದಾಗಲೆಲ್ಲ ಪೊಟ್ಟಣ ತಿರುಗಿಸಿ ತಿರುಗಿಸಿ ಓದ್ತಾಳೆ. ಆ ಪೊಟ್ಟಣದ ಮೇಲಿನ ಸಾಲು ಬಂದದ್ದಾದ್ರೂ ಹೇಗೆ ಅಂತ ನಾನೂ ಕೂತು ಓದ್ದೆ.

'ಅಲರ್ಜಿ' ಅನ್ನೋ ಪದ ಹುಟ್ಟಿದ್ದು 1906ರಲ್ಲಿ, ವಿಯೆನ್ನಾದ ಮಕ್ಕಳ ಡಾಕ್ಟರು ಪಿರ್ಕೆ ಅವರಿಂದ. ಆಗ ಪರೀಕ್ಷೆ ಅಂದ್ರೆ ಮನುಷ್ಯನ ಮೈಮೇಲೇ. 1921ರಲ್ಲಿ ಜರ್ಮನಿಯ ಪ್ರೌಸ್ನಿಟ್ಸ್ ಅನ್ನೋ ಡಾಕ್ಟರು, ಮೀನು ಆಗದ ತಮ್ಮ ಜೊತೆಗಾರ ಕ್ಯುಸ್ಟ್ನರ್ ಅವರ ರಕ್ತದ ತಿಳಿನೀರನ್ನ ತಮ್ಮ ಚರ್ಮಕ್ಕೇ ಚುಚ್ಚಿಕೊಂಡು, ಮಾರನೇ ದಿನ ಅಲ್ಲೇ ಮೀನಿನ ರಸ ಚುಚ್ಚಿಕೊಂಡ್ರು. ಆ ಜಾಗ ಊದಿತು. ರಕ್ತದಲ್ಲಿ ಏನೋ ಇದೆ ಅಂತ ಗೊತ್ತಾಯ್ತು. ಅದೇನು ಅಂತ 1966-67ರಲ್ಲಿ ಕಂಡುಹಿಡಿದವರಲ್ಲಿ ಜಪಾನಿನ ಇಶಿಝಾಕಾ ಗಂಡ ಹೆಂಡತಿ ಇದ್ರು. ಅದನ್ನ ಐಜಿಇ ಅಂತಾರೆ.

ಪ್ರೌಸ್ನಿಟ್ಸ್ ತಮ್ಮ ಮೈಗೆ ಚುಚ್ಚಿಕೊಂಡ್ರು. ನಾನು ಅತ್ತೆ ಮೈಮೇಲೆ ನೋಡ್ದೆ.

ಪರೀಕ್ಷೆಯನ್ನ ಮೈಯಿಂದ ಬಿಡಿಸಿ ತಟ್ಟೆಗೆ ತಂದವರಲ್ಲಿ ಇಬ್ಬರು ಹೆಂಗಸರು ಮುಖ್ಯ. ರೋಸಲಿನ್ ಯಾಲೋ ಅವರು ಬರ್ಸನ್ ಜೊತೆ ಸೇರಿ, ವಿಕಿರಣ ಇರೋ ವಸ್ತು ಬಳಸಿ, ರಕ್ತದಲ್ಲಿರೋ ಬಹಳ ಸಣ್ಣ ಅಂಶವನ್ನೂ ಅಳೆಯೋ ದಾರಿ ಮಾಡಿದ್ರು. 1977ರಲ್ಲಿ ಅವರಿಗೆ ನೊಬೆಲ್ ಬಂತು. 1971ರಲ್ಲಿ ಸ್ವೀಡನ್ನಿನ ಎವಾ ಎಂಗ್ವಾಲ್, ಪೀಟರ್ ಪರ್ಲ್‌ಮನ್ ಸೇರಿ ವಿಕಿರಣದ ಬದಲು ಬಣ್ಣ ಬರಿಸೋ ಎಲಿಸಾ ಮಾಡಿದ್ರು. ನಮ್ಮ ಪಡ್ಡು ಕಾವಲಿ ತರ 96 ಗುಳಿ ಇರೋ ಪುಟ್ಟ ತಟ್ಟೆ. ಗುಳಿಯಲ್ಲಿ ಕಡಲೆಕಾಯಿಯ ಪ್ರೋಟೀನನ್ನ ಮಾತ್ರ ಹಿಡಿಯೋ ಅಂಟು ಸವರಿರ್ತಾರೆ. ತಿಂಡಿಯ ರಸ ಹಾಕಿ, ತೊಳೆದು, ಬಣ್ಣದ ನೀರು ಬಿಟ್ರೆ, ಕಡಲೆಕಾಯಿ ಇದ್ದಷ್ಟು ಬಣ್ಣ ಏರುತ್ತೆ. ಈಗ ಹನಿ ಹಾಕೋದು, ತೊಳೆಯೋದು, ಬಣ್ಣ ಓದೋದು ಎಲ್ಲ ಯಂತ್ರದ್ದೇ ಕೆಲಸ. ಅವಸರಕ್ಕೆ ಗರ್ಭಿಣಿ ಪರೀಕ್ಷೆ ಪಟ್ಟಿ ತರದ್ದೇ ಪಟ್ಟಿ ಬಂದಿದೆ, ಕೆಲವೇ ನಿಮಿಷದಲ್ಲಿ ಗೆರೆ ಮೂಡುತ್ತೆ.

ಎಷ್ಟು ಸೂಕ್ಷ್ಮ ಅಂದ್ರೆ, 'ಗ್ಲುಟೆನ್ ಇಲ್ಲ' ಅಂತ ಬರೀಬೇಕಾದ್ರೆ ಒಂದು ಕೆಜಿಯಲ್ಲಿ 20 ಮಿಲಿಗ್ರಾಂ ಮೀರಬಾರದು. ಹೆಚ್ಚು ಕಮ್ಮಿ ಒಂದು ಅಕ್ಕಿಕಾಳಿನ ತೂಕ. ನಾವು ಒಗ್ಗರಣೆಗೆ ಹಾಕೋ ಡಬ್ಬಿ ಇಂಗಲ್ಲೇ ಎಷ್ಟೋ ಸಲ ಗೋಧಿ ಹಿಟ್ಟು ಸೇರಿರುತ್ತೆ, ನೋಡಿ.

ನಮ್ಮ ದೇಶದ 2020ರ ಲೇಬಲ್ ನಿಯಮದಲ್ಲಿ ಗೋಧಿಯಂಥ ಧಾನ್ಯ, ಹಾಲು, ಮೊಟ್ಟೆ, ಮೀನು, ಸೀಗಡಿ ಜಾತಿ, ಕಡಲೆಕಾಯಿ ಮತ್ತು ಗೋಡಂಬಿ ತರದ ಬೀಜ, ಸೋಯಾ, ಸಲ್ಫೈಟು ಹೆಸರಿಸಿ ಬರೀಬೇಕು ಅಂತಿದೆ. ಅದರಲ್ಲಿ ಎಳ್ಳು ಇಲ್ಲ. ಅಮೆರಿಕದಲ್ಲಿ 2023ರಿಂದ ಎಳ್ಳೂ ಸೇರಿದೆ. ಯಂತ್ರವೂ ಅಷ್ಟೇ. ಕಡಲೆಕಾಯಿ ಇದೆಯಾ ಅಂತ ಕೇಳಿದ್ರೆ ಕಡಲೆಕಾಯಿದು ಮಾತ್ರ ಹೇಳುತ್ತೆ, ಎಳ್ಳಿನ ಸುದ್ದಿ ಎತ್ತಲ್ಲ.

ಬದನೆಕಾಯಿಯೂ ಆ ಪಟ್ಟಿಯಲ್ಲಿಲ್ಲ. ಆದ್ರೆ ಮೈಸೂರಿನ ಸಿಎಫ್‌ಟಿಆರ್‌ಐ, ಅದೇ ಚೆಲುವಾಂಬ ಅರಮನೆಯಲ್ಲಿ 1950ರಲ್ಲಿ ಶುರುವಾದ ಆಹಾರ ಸಂಶೋಧನಾ ಸಂಸ್ಥೆ, ಅಲ್ಲಿನವರು ಅಲರ್ಜಿ ಡಾಕ್ಟರ ಜೊತೆ ಸೇರಿ 741 ಜನರನ್ನ ಬದನೆಕಾಯಿಗೇ ಅಂತ ಪರೀಕ್ಷೆ ಮಾಡಿ 2008ರಲ್ಲಿ ಪ್ರಕಟಿಸಿದ್ರು. ಬದನೆಕಾಯಿ ಅಲರ್ಜಿ ನಿಜ, ಹೆಂಗಸರಲ್ಲೇ ಹೆಚ್ಚು ಅಂತ ಬಂತು. ಅದನ್ನ ಓದಿ ಸುಮಾರು ಹೊತ್ತು ಸುಮ್ನೆ ಕೂತಿದ್ದೆ. ಅತ್ತೆ 'ನಂಜು' ಅಂದಿದ್ದಕ್ಕೆ ಲ್ಯಾಬಿನ ಸಾಕ್ಷಿ ಬೇಕಾಗಿತ್ತಾ ನನಗೆ?

ಈ ಸಂಕ್ರಾಂತಿಗೆ ನಮ್ಮನೆ ಎಳ್ಳುಬೆಲ್ಲದಲ್ಲಿ ಕಡಲೆಬೀಜ ಬೆರೆಸಲ್ಲ, ಬೇಕಾದವರಿಗೆ ಬೇರೆ ಪೊಟ್ಟಣ. ಹುರಿಯೋ ಬಾಣಲೆ, ಮಿಕ್ಸಿ ಜಾರು ಕೂಡ ಬೇರೆ. ಎಳ್ಳು ಆಗದ ಮಕ್ಕಳಿದ್ರೆ ಮುಂಚೆನೇ ಹೇಳ್ರಮ್ಮಾ, ಅವರಿಗೆ ಸಕ್ಕರೆ ಅಚ್ಚು ಕೊಡ್ತೀನಿ. ನಿಮ್ಮ ಮನೆಗೆ ಬಂದವರು "ಇದು ನನಗೆ ಆಗಲ್ಲ" ಅಂದ್ರೆ ಒತ್ತಾಯ ಮಾಡ್ಬೇಡಿ. ನನ್ನ ಹಾಗೆ ಪರೀಕ್ಷೆಯಂತೂ ಮಾಡಲೇಬೇಡಿ.