ಮಾಸ್ಮನ್‌ನ ಬ್ರಾಡ್ಲಿ ಸೋದರಿಯರು: ಕಾಡನ್ನು ನೆಡದೆ ಬೆಳೆಸಿದ ಕಥೆ



ಊರಿನಿಂದ ಅಪ್ಪ ಅಮ್ಮ ಸಿಡ್ನಿಗೆ ಬಂದರೆ ನಾವೆಲ್ಲರೂ ತಪ್ಪದೆ ಮಾಡುವ ಕೆಲಸವೊಂದಿದೆ. ಸರ್ಕ್ಯುಲರ್ ಕೀಯಲ್ಲಿ ಫೆರಿ ಹತ್ತಿಸಿ, ಓಪೆರಾ ಹೌಸ್ ಎದುರು ಫೋಟೋ ತೆಗೆಸಿ, ಟರೋಂಗಾ ಮೃಗಾಲಯಕ್ಕೆ ಕರೆದೊಯ್ಯುವುದು. ಕಾಂಗರೂ ನೋಡಿ, ಕೊವಾಲಾ ನೋಡಿ, ಡಬ್ಬಿಯಲ್ಲಿ ತಂದ ಚಿತ್ರಾನ್ನ ತಿಂದು ವಾಪಸ್ಸು. ಆ ಮೃಗಾಲಯದ ಬೇಲಿಗೆ ಒತ್ತಿಕೊಂಡೇ ಆಷ್ಟನ್ ಪಾರ್ಕ್ ಎಂಬ ಕುರುಚಲು ಕಾಡಿದೆ. ಅಲ್ಲಿಂದ ದಾರಿ ಬ್ರಾಡ್ಲೀಸ್ ಹೆಡ್ ಎಂಬ ಭೂಶಿರಕ್ಕೆ ಹೋಗುತ್ತದೆ. ಟಿಕೆಟ್ ಇಲ್ಲ, ಬೋರ್ಡೂ ಹೆಚ್ಚಿಲ್ಲ. ಆದರೆ ಇಂದು ನಾನು ಹೇಳಹೊರಟಿರುವುದು ಈ ಕಾಡಿನ ಕಥೆಯನ್ನೇ.

ಜಾಗದ ಹೆಸರಿನ ಬಗ್ಗೆ ಮೊದಲೇ ಒಂದು ಮಾತು. ಆ ಭೂಶಿರಕ್ಕೆ ಹೆಸರು ಬಂದದ್ದು 1788ರಲ್ಲಿ ಸಿರಿಯಸ್ ಹಡಗಿನಲ್ಲಿ ಬಂದ ವಿಲಿಯಂ ಬ್ರಾಡ್ಲಿ ಎಂಬ ಅಧಿಕಾರಿಯಿಂದ. ಅದಕ್ಕೂ ಮುಂಚೆ, ಲೆಕ್ಕವಿಲ್ಲದಷ್ಟು ತಲೆಮಾರುಗಳ ಕಾಲ, ಅದು ಬೊರೊಗೆಗಲ್ ಜನರ ನೆಲ. ನಮ್ಮ ಕಥೆಯ ಬ್ರಾಡ್ಲಿಗಳು ಬೇರೆ: ಐಲೀನ್ ಮತ್ತು ಜೋನ್ ಎಂಬ ಅಕ್ಕ ತಂಗಿ. ಅಕ್ಕ ಹುಟ್ಟಿದ್ದು 1911ರಲ್ಲಿ, ತಂಗಿ 1916ರಲ್ಲಿ. ಮಾಸ್ಮನ್‌ನಲ್ಲಿ ವಾಸ, ದಿನವೂ ನಾಯಿಗಳನ್ನು ಕರೆದುಕೊಂಡು ಈ ಕಾಡಿನ ದಾರಿಗಳಲ್ಲಿ ನಡಿಗೆ.

ಇಬ್ಬರಿಗೂ ಹಕ್ಕಿಗಳ ಹುಚ್ಚು. ನಮ್ಮ ಹಿತ್ತಲುಗಳಿಗೂ ಬರುವ ಪುಟ್ಟ ನೀಲಿ ಹಕ್ಕಿ, ಫೇರಿ ರೆನ್, ನೀವು ನೋಡಿರುತ್ತೀರಿ. ಬಾಲ ನೆಟ್ಟಗೆ ನಿಲ್ಲಿಸಿಕೊಂಡು ಕುಪ್ಪಳಿಸುತ್ತದಲ್ಲ, ಅದೇ. ಅವುಗಳ ಕಾಲಿಗೆ ಬಣ್ಣದ ಉಂಗುರ ತೊಡಿಸಿ, ಒಂದೊಂದನ್ನೂ ಗುರುತಿಟ್ಟು, ನಡವಳಿಕೆ ಮತ್ತು ಪುಕ್ಕದ ಬಣ್ಣ ಬದಲಾಗುವುದನ್ನು ಬರೆದುಕೊಂಡು, ಸೋದರಿಯರು 1958ರಲ್ಲಿ 'ಇಮು' ಎಂಬ ಪಕ್ಷಿಶಾಸ್ತ್ರ ಪತ್ರಿಕೆಯಲ್ಲಿ ಲೇಖನ ಪ್ರಕಟಿಸಿದರು. ಸಂಬಳವಿಲ್ಲ, ವಿಶ್ವವಿದ್ಯಾಲಯದ ಹುದ್ದೆಯಿಲ್ಲ. ಇಷ್ಟನ್ನು ಏಕೆ ಹೇಳುತ್ತಿದ್ದೇನೆಂದರೆ, ಮುಂದೆ ಅವರು ಗಿಡಗಳಲ್ಲಿ ಮಾಡಿದ ಕೆಲಸಕ್ಕೂ ಬೇರು ಇಲ್ಲೇ ಇದೆ: ಒಂದೇ ಜಾಗವನ್ನು ಮತ್ತೆ ಮತ್ತೆ, ವರ್ಷಗಟ್ಟಲೆ ನೋಡುವುದು.

ಆಗ ಆ ಕಾಡಿಗೆ ಕಳೆ ಹತ್ತಿತ್ತು. ಮುಖ್ಯ ಶತ್ರು ಯಾರು ಗೊತ್ತೇ? ನಮ್ಮ ಹಳೆಯ ಪರಿಚಯದ ಲಂಟಾನ! ಬಂಡೀಪುರದ ರಸ್ತೆ ಬದಿಯಲ್ಲಿ ಬಸ್ಸಿನ ಕಿಟಕಿಯಿಂದ ನಾವೆಲ್ಲ ನೋಡಿದ, ಹಳದಿ ಗುಲಾಬಿ ಹೂಗೊಂಚಲಿನ ಅದೇ ಮುಳ್ಳುಪೊದೆ. ಹುಟ್ಟೂರು ಅಮೆರಿಕಾ ಖಂಡ. ಹೂವು ಚೆಂದವೆಂದು ಹತ್ತೊಂಬತ್ತನೆಯ ಶತಮಾನದಲ್ಲಿ ಭಾರತಕ್ಕೂ ತಂದರು, ಆಸ್ಟ್ರೇಲಿಯಾಕ್ಕೂ ತಂದರು, ಎರಡೂ ಕಡೆ ಬೇಲಿ ಹಾರಿತು. ಅದರ ಜೊತೆಗೆ ಪ್ರಿವೆಟ್, ಆಸ್ಪ್ಯಾರಗಸ್ ಫರ್ನ್, ಓಕ್ನಾ ಇತ್ಯಾದಿ ತೋಟದಿಂದ ತಪ್ಪಿಸಿಕೊಂಡವು. ಕರ್ಪೂರದ ಮರವೂ ಇಲ್ಲಿ ಕಳೆಯೇ. ಆರತಿ ತಟ್ಟೆ ನೆನಪಾಗಿ ಸ್ವಲ್ಪ ಕಸಿವಿಸಿಯಾಗುತ್ತದೆ, ಇರಲಿ.

ಅಂದಿನ ವಾಡಿಕೆಯ ಉಪಾಯ ಸರಳವಾಗಿತ್ತು. ಕೂಲಿಯವರು ಬಂದು ಕಳೆ ಹೆಚ್ಚಿರುವ ಕಡೆ ಎಲ್ಲವನ್ನೂ ಕೊಚ್ಚಿ ಹಾಕುವುದು. ಎರಡು ದಿನ ಚೊಕ್ಕಟ. ಬೆತ್ತಲಾದ ಮಣ್ಣಿನ ಮೇಲೆ ಬಿಸಿಲು ಬಿದ್ದ ಕೆಲವೇ ವಾರಗಳಲ್ಲಿ ಮೊದಲು ಏಳುತ್ತಿದ್ದುದು ಅದೇ ಕಳೆ, ಮೊದಲಿಗಿಂತ ದಟ್ಟವಾಗಿ. ದಿನವೂ ಅದೇ ದಾರಿಯಲ್ಲಿ ನಡೆಯುತ್ತಿದ್ದ ಸೋದರಿಯರ ಕಣ್ಣಿಗೆ ಇದು ಬಿತ್ತು. ಹಾಗಾಗಿ 1960ರ ದಶಕದಲ್ಲಿ ಅವರು ತಮ್ಮದೇ ಬೇರೊಂದು ಕ್ರಮ ಹಿಡಿದರು. ನಡೆಯುವಾಗ ಕೈಗೆ ಸಿಕ್ಕ ಕಳೆ ಕೀಳುವುದು, ಆದರೆ ಕೆಟ್ಟ ಜಾಗದಲ್ಲಲ್ಲ, ಒಳ್ಳೆಯ ಜಾಗದಲ್ಲಿ.

ಇದು ಕೇಳುವುದಕ್ಕೆ ತಲೆಕೆಳಗು ಅನ್ನಿಸುತ್ತದೆ. ಮನೆ ಗುಡಿಸುವಾಗ ನಾವು ಕಸ ಹೆಚ್ಚಿರುವ ಮೂಲೆಯಿಂದ ಶುರುಮಾಡುತ್ತೇವೆ. ಅವರ ಲೆಕ್ಕ ಬೇರೆ. ನೂರು ಸ್ಥಳೀಯ ಗಿಡಗಳ ನಡುವೆ ಎರಡು ಲಂಟಾನ ಸಸಿ ಇದ್ದರೆ, ಆ ಎರಡನ್ನು ಕಿತ್ತ ಕೂಡಲೇ ಖಾಲಿ ಜಾಗವನ್ನು ಅಕ್ಕಪಕ್ಕದ ಸ್ಥಳೀಯ ಗಿಡವೇ ತುಂಬುತ್ತದೆ. ಹೀಗೆ ಗಟ್ಟಿ ನೆಲೆಯಿಂದ ಹೊರಗೆ, ಗಡಿಯನ್ನು ಒಂದೊಂದೇ ಗೇಣು ತಳ್ಳುತ್ತಾ ಹೋಗುವುದು. ಎರಡನೆಯದಾಗಿ, ಕೀಳುವಾಗ ಮಣ್ಣು ಕದಡಬಾರದು. ಸರಿಸಿದ ತರಗೆಲೆಯನ್ನು ಮತ್ತೆ ಅದೇ ಜಾಗಕ್ಕೆ ಹಾಸಬೇಕು. ಮೂರನೆಯದೇ ಕಷ್ಟದ್ದು: ಸ್ಥಳೀಯ ಗಿಡ ಎಷ್ಟು ಬೇಗ ಮರಳುತ್ತದೋ ಅದಕ್ಕಿಂತ ವೇಗವಾಗಿ ಕಳೆ ತೆಗೆಯಬಾರದು. ವೇಗ ನಿರ್ಧರಿಸುವುದು ನಾವಲ್ಲ, ಕಾಡು.

ಗಮನಿಸಿ, ಇದರಲ್ಲಿ ಸಸಿ ನೆಡುವ ಮಾತೇ ಇಲ್ಲ. ಬೀಜ ಮಣ್ಣಿನಲ್ಲೇ ಮಲಗಿದೆ, ಅದಕ್ಕೆ ಅವಕಾಶ ಕೊಟ್ಟರೆ ಸಾಕು ಎಂಬುದು ಅವರ ನಂಬಿಕೆ. ವನಮಹೋತ್ಸವದ ದಿನ ಸಾಲಾಗಿ ನಿಂತು ಸಸಿ ನೆಟ್ಟು, ಮರುವರ್ಷ ಅದೇ ಗುಂಡಿಯಲ್ಲಿ ಮತ್ತೊಂದು ಸಸಿ ನೆಟ್ಟು ಬೆಳೆದ ನಮ್ಮಂಥವರಿಗೆ ಇದು ಹೊಸ ವಿಚಾರ.

ನಿಧಾನಕ್ಕೆ ಇನ್ನೊಂದು ಲಾಭವೂ ಇತ್ತು. ಆ ನೀಲಿ ಹಕ್ಕಿಯೇ ಮುಂತಾದ ಪುಟ್ಟ ಜೀವಗಳಿಗೆ, ಸ್ಥಳೀಯ ಪೊದೆ ಹೋದ ಕಡೆ, ಲಂಟಾನದ ಮುಳ್ಳೇ ಈಗ ಆಶ್ರಯ. ಬುಲ್ಡೋಜರ್ ತಂದು ಒಂದೇ ದಿನದಲ್ಲಿ ಎಲ್ಲವನ್ನೂ ತೆಗೆದರೆ ಅವು ಎಲ್ಲಿಗೆ ಹೋಗಬೇಕು?

ಇಬ್ಬರು ಹೆಂಗಸರ ಈ ಕೈಗೆಲಸ ಹೇಗೆ ಹರಡಿತು ಎಂದರೆ, 1964ರಲ್ಲಿ ಆ ಉದ್ಯಾನಗಳ ರಕ್ಷಣೆಗೆ ಸ್ಥಳೀಯರ ಸಂಘವೊಂದು ಹುಟ್ಟಿತು. ಅದರ ಮೂಲಕ 1967ರಲ್ಲಿ ಕಳೆ ನಿಯಂತ್ರಣದ ಕಿರುಹೊತ್ತಿಗೆ, 1971ರಲ್ಲಿ 'ಬುಷ್ ರೀಜನರೇಷನ್' ಎಂಬ ಇನ್ನೊಂದು ಪುಸ್ತಿಕೆ ಬಂದವು. 1970ರ ದಶಕದ ಮಧ್ಯದಲ್ಲಿ ನ್ಯೂ ಸೌತ್ ವೇಲ್ಸ್‌ನ ನ್ಯಾಷನಲ್ ಟ್ರಸ್ಟ್ ಈ ಕ್ರಮವನ್ನು ಕೈಗೆತ್ತಿಕೊಂಡು, ಜೋನ್ ಅವರಿಂದ ತಂಡಗಳಿಗೆ ತರಬೇತಿ ಕೊಡಿಸಿತು. ಐಲೀನ್ 1976ರಲ್ಲಿ ತೀರಿಕೊಂಡರು, ಜೋನ್ 1982ರಲ್ಲಿ. ಜೋನ್ ಬಿಟ್ಟುಹೋದ ಬರಹವನ್ನು ಜೊತೆಗಾರರು ಸರಿಪಡಿಸಿ 1988ರಲ್ಲಿ 'ಬ್ರಿಂಗಿಂಗ್ ಬ್ಯಾಕ್ ದಿ ಬುಷ್' ಎಂದು ಪ್ರಕಟಿಸಿದರು. ಇಂದು ನಮ್ಮ ಕೌನ್ಸಿಲ್‌ಗಳು ನಡೆಸುವ ಬುಷ್‌ಕೇರ್ ಗುಂಪುಗಳು ಈ ಗಿಡದ ಟಿಸಿಲುಗಳು.

ಇವರೇ ಮೊದಲಿಗರು ಎನ್ನುವಂತಿಲ್ಲ. ಸಿಡ್ನಿಯಿಂದ ಸಾವಿರ ಕಿಲೋಮೀಟರಿಗೂ ಆಚೆ, ಬ್ರೋಕನ್ ಹಿಲ್ ಎಂಬ ಗಣಿ ಊರಿದೆ. ನಮ್ಮ ಕೆಜಿಎಫ್ ನೆನಪಿಸಿಕೊಳ್ಳಿ. ಗಣಿಯ ಆಸರೆಗೂ ಉರುವಲಿಗೂ ಮರ ಕಡಿದು, ಉಳಿದದ್ದನ್ನು ಕುರಿ ಮೇಕೆ ಮೊಲಗಳು ಮುಗಿಸಿ, ಊರು ಧೂಳಿನಲ್ಲಿ ಮುಳುಗಿತ್ತು. ಅಲ್ಲಿ ಆಲ್ಬರ್ಟ್ ಮಾರಿಸ್ ಎಂಬಾತ, ಗಣಿಯಲ್ಲಿ ಅದಿರು ಪರೀಕ್ಷಿಸುವ ಕೆಲಸ, ಬಿಡುವಿನಲ್ಲಿ ಸಸ್ಯಶಾಸ್ತ್ರ. ಅವರೂ ಸ್ನೇಹಿತರೂ 1920ರಲ್ಲಿ ಬ್ಯಾರಿಯರ್ ಫೀಲ್ಡ್ ನ್ಯಾಚುರಲಿಸ್ಟ್ಸ್ ಕ್ಲಬ್ ಕಟ್ಟಿದರು. ಊರ ಸುತ್ತ ಬೇಲಿ ಹಾಕಿ ಪ್ರಾಣಿಗಳನ್ನು ಹೊರಗಿಟ್ಟರೆ ನೆಲ ತಾನೇ ಹಸಿರಾಗುತ್ತದೆ ಎಂದು ಮಾರಿಸ್ ವಾದಿಸಿದರು. 1936ರಲ್ಲಿ ಜಿಂಕ್ ಕಾರ್ಪೊರೇಷನ್ ಎಂಬ ಗಣಿ ಕಂಪನಿ ಒಪ್ಪಿ ಬೇಲಿಗೆ ದುಡ್ಡು ಕೊಟ್ಟಿತು. ಕೆಲವು ಕಡೆ ಗಿಡ ನೆಟ್ಟದ್ದೂ ಉಂಟು; ಆದರೆ ಹೆಚ್ಚಿನ ಜಾಗದಲ್ಲಿ ಬೇಲಿ ಮತ್ತು ಮಳೆ, ಎರಡೇ ಸಾಕಾದವು. ಮಾರಿಸ್ 1939ರಲ್ಲಿ ತೀರಿಕೊಂಡರೂ ಆ ಹಸಿರು ಉಂಗುರ ಇಂದಿಗೂ ಇದೆ.

ಇಲ್ಲಿ ನಿಮ್ಮಲ್ಲಿ ಕೆಲವರ ಮನಸ್ಸಿಗೆ ಬಂದಿರಬಹುದಾದ ಮಾತೊಂದನ್ನು ನಾನೇ ಎತ್ತುತ್ತೇನೆ. ಹೊರಗಿನದು ಕಳೆ, ಇಲ್ಲಿನದು ಮಾತ್ರ ಸರಿ ಎಂಬ ಮಾತು ವಲಸೆ ಬಂದವರ ಕಿವಿಗೆ ಹಿತವಲ್ಲ. ಆದರೆ ಕಳೆ ಎಂಬುದು ಜಾತಿಯಲ್ಲ, ವರ್ತನೆ. ನಿಮ್ಮ ಹಿತ್ತಲಿನ ನುಗ್ಗೆ, ಮಲ್ಲಿಗೆ ಕಾಡು ನುಂಗಿಲ್ಲ, ಅವನ್ನು ಕೀಳಿರೆಂದು ಯಾರೂ ಕೇಳುತ್ತಿಲ್ಲ. ಈ ವ್ಯಾಪಾರ ಎರಡೂ ಕಡೆ ನಡೆದಿದೆ ಎಂಬುದನ್ನೂ ಮರೆಯಬೇಡಿ. ಕೊಡಗಿನ ಕಾಫಿ ತೋಟದ ಸಿಲ್ವರ್ ಓಕ್ ಇಲ್ಲಿನದು. ಮಲೆನಾಡಿನ ಗುಡ್ಡಗಳಲ್ಲಿ ಸಾಲುಸಾಲು ನೆಟ್ಟ ಅಕೇಶಿಯಾ ಇಲ್ಲಿನದು. ಕೋಲಾರದ ನೀಲಗಿರಿ ಇಲ್ಲಿನದು. ಅಂತರ್ಜಲದ ಆತಂಕದಿಂದ 2017ರಲ್ಲಿ ಕರ್ನಾಟಕ ಸರ್ಕಾರ ಅದನ್ನು ನೆಡುವುದನ್ನೇ ನಿಷೇಧಿಸಿತು.

ಬ್ರಾಡ್ಲಿಯವರ ಮಾತೇ ಕೊನೆಯ ಮಾತೂ ಅಲ್ಲ. ಇಲ್ಲಿನ ಬ್ಯಾಂಕ್ಸಿಯಾ, ವಾಟಲ್ ಮುಂತಾದ ಎಷ್ಟೋ ಗಿಡಗಳ ಬೀಜ ಬೆಂಕಿಯ ಶಾಖವಿಲ್ಲದೆ ಎಚ್ಚರಗೊಳ್ಳುವುದಿಲ್ಲ. ಮೂಲನಿವಾಸಿಗಳು ಇದನ್ನು ಬಲ್ಲವರಾಗಿದ್ದರು. ಕಳೆ ಕಿತ್ತರಷ್ಟೇ ಸಾಲದು, ಕೆಲವೆಡೆ ಬೆಂಕಿಯೂ ಬೇಕು ಎಂದು ನಂತರದವರು ಸೇರಿಸಿಕೊಂಡರು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹೇಳುವುದೂ ಇದಕ್ಕೆ ಹತ್ತಿರದ ಮಾತು: ತರಗು ಬೆಂಕಿ ಹಾಕುವುದು ನಿಂತ ಮೇಲೆ ಕಾಡಿನಲ್ಲಿ ಲಂಟಾನ ಮೇಲೆದ್ದಿತು ಎಂದು. ನಮ್ಮೂರಿನಲ್ಲಿ ಆ ಮಾತಿಗೆ ಬಹಳ ಕಾಲ ಕಿವಿಗೊಟ್ಟವರಿಲ್ಲ.

ನಿಮಗೂ ಹೋಗಿ ನೋಡಬೇಕೆನ್ನಿಸಿದರೆ, ನಿಮ್ಮ ಕೌನ್ಸಿಲ್‌ಗೆ ಫೋನ್ ಮಾಡಿ ಬುಷ್‌ಕೇರ್ ಗುಂಪು ಎಲ್ಲಿ ಸೇರುತ್ತದೆಂದು ಕೇಳಿ. ಉದ್ದ ತೋಳಿನ ಅಂಗಿ, ಮುಚ್ಚಿದ ಶೂ, ಟೋಪಿ ಇರಲಿ. ಮೊದಲ ದಿನ ಬಹುಶಃ ಆಸ್ಪ್ಯಾರಗಸ್ ಫರ್ನ್ ತೋರಿಸುತ್ತಾರೆ. ಇದು ನಮ್ಮ ಹಲವು ಮಕ್ಕಳ ತಾಯಿ ಬೇರು, ಅಂದರೆ ಶತಾವರಿಯ ಕುಲದ್ದೇ. ಬುಡದಲ್ಲಿ ಬಿಳಿ ಗೆಡ್ಡೆಗಳು ಗೊಂಚಲಾಗಿರುತ್ತವೆ. ಅವನ್ನೆಲ್ಲ ಅಗೆದು ತೆಗೆಯಲು ಹೋಗಬೇಡಿ, ಅವು ಬರೀ ನೀರಿನ ಚೀಲಗಳು, ಚಿಗುರುವುದಿಲ್ಲ. ಕಾಂಡ ಹೊರಡುವ ನಡುವಿನ ಗಂಟನ್ನು ಮಾತ್ರ ಚಾಕುವಿನಿಂದ ಸುತ್ತ ಕೊಯ್ದು ಎತ್ತಿ, ಹಣ್ಣಿದ್ದರೆ ಚೀಲಕ್ಕೆ ಹಾಕಿ, ತರಗೆಲೆಯನ್ನು ಮೊದಲಿದ್ದಂತೆ ಮುಚ್ಚಿ.