ಗೋಡೆಯೊಳಗಿನ ಬಯಲು



ಪೀಣ್ಯ ಕೈಗಾರಿಕಾ ಪ್ರದೇಶಕ್ಕೆ ಹೊಂದಿಕೊಂಡಿರುವ ಲಗ್ಗೆರೆಯ ಕಿರುಬೀದಿಗಳಲ್ಲಿ ಸಂಜೆಯ ಹೊತ್ತು ನಡೆದವರಿಗೆ ಒಂದು ದೃಶ್ಯ ಪರಿಚಿತವಿರಬೇಕು. ಮನೆಗಳ ಮುಂಬಾಗಿಲು ತೆರೆದಿರುತ್ತದೆ; ಅದಕ್ಕೆ ತೆಳುವಾದ ಪರದೆಯೊಂದನ್ನು ಇಳಿಬಿಟ್ಟಿರುತ್ತಾರೆ. ಪೂರ್ಣ ತೆರೆದುದೂ ಅಲ್ಲ, ಮುಚ್ಚಿದುದೂ ಅಲ್ಲ. ವಚನಗಳಲ್ಲಿ ‘ಬಯಲು’ ಎಂಬುದು ಪರತತ್ತ್ವದ ಹೆಸರು. ಗೋಡೆ ಎಬ್ಬಿಸುವವನಿಗಾದರೋ ಅದು ದಿನನಿತ್ಯದ ಪ್ರಶ್ನೆ: ಎಷ್ಟು ಬಯಲನ್ನು ಒಳಗೆ ಉಳಿಸಿಕೊಳ್ಳಬೇಕು, ಯಾರನ್ನು ಒಳಗೆ ಬಿಡಬೇಕು? ಕನ್ನಡ ನಾಡಿನ ಕಟ್ಟಡಗಳಲ್ಲಿ ಈ ಪ್ರಶ್ನೆ ಬಹಳ ಹಳೆಯದು.

1117ರಲ್ಲಿ ವಿಷ್ಣುವರ್ಧನನು ಬೇಲೂರಿನಲ್ಲಿ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದಾಗ ಅಲ್ಲಿನ ಮಂಟಪ ತೆರೆದ ಮಂಟಪವಾಗಿತ್ತು. ಜಗತಿಯ ಮೇಲೆ ನಿಂತವನಿಗೆ ಒಳಗಿನ ಕಂಬಗಳ ಸಾಲು ಕಾಣುತ್ತಿತ್ತು. ಸುಮಾರು ಅರ್ಧ ಶತಮಾನದ ತರುವಾಯ, ಹೊಯ್ಸಳರ ಕಾಲದಲ್ಲಿಯೇ, ಕಂಬಗಳ ನಡುವೆ ಗೋಡೆ ಎದ್ದು 28 ಜಾಲಂಧ್ರಗಳು ಕೂಡಿಕೊಂಡವು. ನಮ್ಮ ಮಾರ್ಗದರ್ಶಕರು ಈ ಜಾಲಂಧ್ರಗಳ ಕುಸುರಿಯನ್ನು ಕೊಂಡಾಡುವರೇ ಹೊರತು ಅವು ಮಾಡಿದ ಕೆಲಸವನ್ನು ಹೇಳುವುದಿಲ್ಲ. ಗಾಳಿ ಮೊದಲಿನಂತೆ ಬರುತ್ತಿತ್ತು, ಬೆಳಕು ಸೋಸಿ ಬರುತ್ತಿತ್ತು. ಆದರೆ ನೋಟ ಮಾತ್ರ ಒಮ್ಮುಖವಾಯಿತು. ಮಬ್ಬಿನಲ್ಲಿ ಕುಳಿತವನಿಗೆ ಹೊರಗಿನ ಬಿಸಿಲು ಕಾಣುತ್ತದೆ, ಬಿಸಿಲಿನಲ್ಲಿ ನಿಂತವನಿಗೆ ಒಳಗೇನೂ ಕಾಣದು. ಹೀಗೆ ರಂಧ್ರವುಳ್ಳ ಗೋಡೆಯೂ ಗೋಡೆಯೇ.

ಜನಸಾಮಾನ್ಯರ ಮನೆಗಳಲ್ಲಿ ಈ ಕೆಲಸವನ್ನು ಜಗಲಿ ಮಾಡುತ್ತಿತ್ತು. ಜಗಲಿ ಮನೆಯವನ ಸ್ವತ್ತು, ಬಳಕೆಯಲ್ಲಿ ಬೀದಿಯದು. ದಾರಿಹೋಕ ಕುಳಿತು ನೀರು ಕೇಳಬಹುದಿತ್ತು. ಆದರೆ ಜಗಲಿಯನ್ನು ಹಾಡಿ ಹೊಗಳುವವರು ಒಂದನ್ನು ಮರೆಯುತ್ತಾರೆ: ಜಗಲಿಯವರೆಗೆ ಮಾತ್ರ ಬರಬಹುದಾದವರಿದ್ದರು, ಜಗಲಿಯನ್ನೂ ಏರಲಾಗದವರಿದ್ದರು. ಕಲ್ಯಾಣದ ಮಹಾಮನೆಯನ್ನು ನಮ್ಮ ಪರಂಪರೆ ನೆನೆಯುವುದು ಅದರ ಕಂಬ ತೊಲೆಗಳಿಗಾಗಿ ಅಲ್ಲ, ಈ ಮಿತಿಯನ್ನು ಅದು ದಾಟಿತೆಂಬುದಕ್ಕಾಗಿ.

ನಮ್ಮ ಕಾಲದಲ್ಲಿ ತೆರೆದಿರುವಿಕೆಯನ್ನೇ ವಿನ್ಯಾಸದ ತತ್ತ್ವವಾಗಿಸಿದ ಕಟ್ಟಡವೊಂದು ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯಲ್ಲಿದೆ. 1973ರಲ್ಲಿ ಆರಂಭವಾದ ಭಾರತೀಯ ನಿರ್ವಹಣಾ ಸಂಸ್ಥೆಗೆ ಬಾಲಕೃಷ್ಣ ದೋಶಿಯವರು ರೂಪಿಸಿದ ಆವರಣವದು. ವಾಸ್ತುಶಿಲ್ಪಕ್ಕೆ ಸಲ್ಲುವ ಪ್ರಿಟ್ಜ್‌ಕರ್ ಪ್ರಶಸ್ತಿಯನ್ನು 2018ರಲ್ಲಿ ಪಡೆದ ದೋಶಿಯವರು ಆ ಗೌರವಕ್ಕೆ ಪಾತ್ರರಾದ ಮೊದಲ ಭಾರತೀಯರು, 2023ರಲ್ಲಿ ನಿಧನರಾದರು. ಅಕ್ಬರನ ಫತೇಪುರ ಸಿಕ್ರಿಯ ಅಂಗಳಗಳಿಂದ ಅವರು ಪ್ರೇರಣೆ ಪಡೆದರು. ಇಲ್ಲಿನ ಹಿತವಾದ ಹವೆಯನ್ನು ನೆಚ್ಚಿ, ಒರಟು ಬೂದುಗಲ್ಲಿನ ಗೋಡೆಗಳ ನಡುವೆ ಉದ್ದನೆಯ ಮೊಗಸಾಲೆಗಳನ್ನು ಹರಿಯಬಿಟ್ಟರು. ಅವು ಕೆಲವೆಡೆ ಆಕಾಶಕ್ಕೆ ತೆರೆದಿವೆ, ಕೆಲವೆಡೆ ತೊಲೆಗಳ ಚಪ್ಪರದಡಿ ಸಾಗುತ್ತವೆ, ಕೆಲವೆಡೆ ಪೂರ್ಣ ಮುಚ್ಚಿವೆ. ಬಳ್ಳಿ, ಬಿಸಿಲು, ಮಳೆ ಎಲ್ಲವೂ ಒಳಗೆ ಬರುತ್ತವೆ. ತರಗತಿಯಷ್ಟೇ ಓಣಿಯಲ್ಲಿ ನಿಂತು ಆಡುವ ಮಾತೂ ಕಲಿಕೆಯೆಂಬುದು ದೋಶಿಯವರ ನಂಬಿಕೆ. ಇಷ್ಟೆಲ್ಲ ತೆರೆದ ಆ ಆವರಣಕ್ಕೂ ಹೊರಗೊಂದು ಗೋಡೆ, ಕಾವಲುಳ್ಳ ಹೆಬ್ಬಾಗಿಲು ಇದ್ದೇ ಇವೆ. ಇದು ದೋಶಿಯವರ ದೋಷವಲ್ಲ. ಆದರೂ ನೂರು ಎಕರೆಯಷ್ಟು ನೆಲವಿದ್ದಾಗ ಬಯಲನ್ನು ಒಳಗೆ ಕರೆಯುವುದು ಸುಲಭವೆಂದು ನನಗೆ ತೋರುತ್ತದೆ.

ಲಗ್ಗೆರೆಯಂತಹ ಬಡಾವಣೆಯ ಇಪ್ಪತ್ತು–ಮೂವತ್ತರ ನಿವೇಶನದಲ್ಲಿ ಆ ಸೌಕರ್ಯವೆಲ್ಲಿ? ಆರುನೂರು ಚದರಡಿಯ ನೆಲದಲ್ಲಿ ಅಂಗಳಕ್ಕೆ ಬಿಟ್ಟ ಪ್ರತಿಯೊಂದು ಅಡಿಯೂ ಬಾಡಿಗೆಗೆ ಸಿಗಬಹುದಾದ ಕೋಣೆಯಿಂದ ಕಳೆದದ್ದು. ಪಕ್ಕದ ಗೋಡೆಗಳು ಮೊಳದಂತರದಲ್ಲಿ ಎದ್ದಾಗ ಇಕ್ಕೆಲದ ಕಿಟಕಿಗಳು ಇದ್ದೂ ಇಲ್ಲದಂತೆ. ಹಗಲಿನಲ್ಲೂ ದೀಪ ಉರಿಯಬೇಕು. ನೆಲಮಾಳಿಗೆಯ ಬಾಡಿಗೆದಾರನಿಗೆ ಗಾಳಿ ಬೆಳಕು ಬರುವುದು ಮುಂಬಾಗಿಲೊಂದರಿಂದಲೇ. ಅದನ್ನು ಮುಚ್ಚಿದರೆ ಉಸಿರಿಲ್ಲ, ತೆರೆದಿಟ್ಟರೆ ಮರೆಯಿಲ್ಲ. ಹಾಗಾಗಿ ಬಾಗಿಲು ತೆರೆದಿರುತ್ತದೆ, ಪರದೆ ಇಳಿದಿರುತ್ತದೆ. ಹೊಸಿಲಿನ ಹೊರಗಿನ ಮೆಟ್ಟಿಲ ಮೇಲೆ ಕುಳಿತು ಸೊಪ್ಪು ಸೋಸುವ ತಾಯಿ ಬೀದಿಯವರೊಡನೆ ಮಾತಾಡುತ್ತಲೇ ಒಳಗೆ ಮಲಗಿದ ಮಗುವಿನ ಕಡೆ ಕಿವಿಯಿಟ್ಟಿರುತ್ತಾಳೆ.